ಕನ್ಸಲ್ಟಿಂಗ್ ಅನುಭವ ಇಟ್ಟುಕೊಂಡು ಯಾವ ದೇಶಕ್ಕೆ ಅರ್ಜಿ ಹಾಕಬೇಕು?

ಎಂಬಿಎ ಮುಗಿಸಿ ಬಂದವರನ್ನು ಕನ್ಸಲ್ಟಿಂಗ್ (ಬೇರೆ ಸಂಸ್ಥೆಗಳಿಗೆ ಸಲಹೆ ಕೊಡುವ) ಕಂಪನಿಗಳು ಕಲಿಸಿ ಬೆಳೆಸುತ್ತವೆ. ಆರೆಂಟು ವರ್ಷ ಅನುಭವ ಆದವರ ಲೆಕ್ಕವೇ ಬೇರೆ. ಮ್ಯಾನೇಜರ್ ಮಟ್ಟದಲ್ಲಿ ಸೇರಿದವರು ಮೊದಲ ತಿಂಗಳಿಂದಲೇ ಗ್ರಾಹಕರ ಎದುರು ಕೂರಬೇಕು, ಅವರು ದುಡಿದ ಗಂಟೆಗಳಿಗೆ ಗ್ರಾಹಕರಿಂದ ದುಡ್ಡು ಬರಬೇಕು. ಹಾಗಾಗಿ ವೀಸಾ, ಸಂಬಳಕ್ಕಿಂತ ಮೊದಲು ನೋಡಬೇಕಾದ್ದು: ನಿಮ್ಮ ಕ್ಷೇತ್ರದ ಕೆಲಸಕ್ಕೆ ಆ ಊರಿನಲ್ಲಿ ದುಡ್ಡು ಕೊಡುವವರು ಯಾರು, ಅವರ ಜತೆ ಯಾವ ಭಾಷೆಯಲ್ಲಿ ಮಾತಾಡಬೇಕು.

ಜರ್ಮನಿಯಲ್ಲಿ ಎಡವುವುದು ಇಲ್ಲೇ. ಬ್ಲೂ ಕಾರ್ಡ್ (ಪರಿಣತರಿಗೆ ಕೊಡುವ ಕೆಲಸ-ವಾಸದ ಪರವಾನಗಿ) ಇದ್ದು ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಲ್ಲಿ ಕಾಯಂ ವಾಸಕ್ಕೆ ದಾರಿಯಿದೆ, ನಿಜ. ಆದರೆ ಸ್ಟುಟ್‌ಗಾರ್ಟ್‌ನ ವಾಹನ ಬಿಡಿಭಾಗ ತಯಾರಕರ ಸ್ಟೀರಿಂಗ್ ಕಮಿಟಿ (ಪ್ರಾಜೆಕ್ಟಿನ ನಿರ್ಧಾರ ಮಾಡುವ ಸಭೆ) ನಡೆಯುವುದು ಜರ್ಮನ್‌ನಲ್ಲೇ. ಸಿ1, ಅಂದರೆ ನಿರರ್ಗಳ ಮಟ್ಟದ ಭಾಷೆ ಇಲ್ಲದಿದ್ದರೆ ಸ್ಟ್ರಾಟಜಿ ಹುದ್ದೆಗೆ ಹಾಕಿದ ಅರ್ಜಿ ಬಹುಪಾಲು ಮೊದಲ ಸುತ್ತಿನಲ್ಲೇ ಬೀಳುತ್ತದೆ. ಎಸ್‌ಎಪಿ ಎಂಬ ವ್ಯವಹಾರ ಸಾಫ್ಟ್‌ವೇರ್, ಡೇಟಾ ತಂಡಗಳಲ್ಲಿ ಇಷ್ಟು ಬಿಗಿ ಇರುವುದಿಲ್ಲ.

ದುಬೈ ಆಫರ್ ಬಂದರೆ, ಪ್ರಾಜೆಕ್ಟ್ ಎಲ್ಲಿ ಅಂತ ಬಾಯಿಬಿಟ್ಟು ಕೇಳಿ. ಪ್ರಾದೇಶಿಕ ಕೇಂದ್ರ ಕಚೇರಿಯನ್ನು ಸೌದಿಯಲ್ಲಿ ಇಡದ ವಿದೇಶಿ ಕಂಪನಿಗಳಿಗೆ ಅಲ್ಲಿನ ಸರ್ಕಾರಿ ಸಂಸ್ಥೆಗಳು 2024ರ ಜನವರಿ 1ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಗುತ್ತಿಗೆ ಕೊಡುವುದಿಲ್ಲ. ಹಾಗಾಗಿ ದುಬೈನಲ್ಲಿ ಮನೆ, ಸೌದಿಯ ರಾಜಧಾನಿ ರಿಯಾದ್‌ನಲ್ಲಿ ಕೆಲಸ ಅನ್ನುವುದು ಮಾಮೂಲು. ರಿಯಾದ್‌ನಲ್ಲಿ ವಾರ ಶುರುವಾಗುವುದು ಭಾನುವಾರ, ದುಬೈ ಶಾಲೆಗಳಿಗೆ ರಜೆ ಶನಿವಾರ, ಭಾನುವಾರ. ಮಕ್ಕಳ ಜತೆ ಪೂರ್ತಿ ಸಿಗುವುದು ಒಂದೇ ದಿನ. ತೆರಿಗೆಯಿಲ್ಲದ ಸಂಬಳದ ಎದುರು ಇದನ್ನೂ ತೂಗಿ ನೋಡಲೇಬೇಕು. ಜತೆಗೆ ಸೌದಿಯ ಬೇಡಿಕೆ ಹೆಚ್ಚಾಗಿ ಸರ್ಕಾರದ ಖರ್ಚನ್ನೇ ನಂಬಿದೆ. ತೈಲದ ಆದಾಯ ಇಳಿದಾಗ ಮೊದಲು ಕತ್ತರಿ ಬೀಳುವ ಬಾಬ್ತುಗಳಲ್ಲಿ ಸಲಹೆಗಾರರದೂ ಒಂದು.

ಸಿಂಗಪುರದ ಕೆಲಸದ ಪರವಾನಗಿಯಾದ ಎಂಪ್ಲಾಯ್‌ಮೆಂಟ್ ಪಾಸ್‌ಗೆ ಕಂಪಾಸ್ ಎಂಬ ಅಂಕ ಪದ್ಧತಿಯಲ್ಲಿ 40 ಅಂಕ ಬೇಕು. ಆ ಕಂಪನಿಯ ವೃತ್ತಿಪರರಲ್ಲಿ ನಿಮ್ಮ ದೇಶದವರೇ ಶೇ. 25 ಅಥವಾ ಹೆಚ್ಚಿದ್ದರೆ ವೈವಿಧ್ಯದ ಬಾಬ್ತಿನಲ್ಲಿ ಸೊನ್ನೆ, ಶೇ. 5ಕ್ಕಿಂತ ಕಡಿಮೆ ಇದ್ದರೆ 20. ಭಾರತೀಯರೇ ತುಂಬಿರುವ ಕಚೇರಿಯಲ್ಲಿ ಪರಿಚಯ ಸುಲಭ, ಪಾಸ್ ಕಷ್ಟ. ತಿಂಗಳಿಗೆ 22,500 ಸಿಂಗಪುರ ಡಾಲರ್ ಸ್ಥಿರ ಸಂಬಳವಿದ್ದರೆ ಈ ಅಂಕಗಳ ಗೊಡವೆಯಿಲ್ಲ. ಡಿಪೆಂಡೆಂಟ್ ಪಾಸ್‌ನಲ್ಲಿ ಬರುವ ಸಂಗಾತಿ ಕೆಲಸ ಮಾಡಬೇಕೆಂದರೆ ಸಾಮಾನ್ಯವಾಗಿ ತಮ್ಮದೇ ವರ್ಕ್ ಪಾಸ್ ಪಡೆಯಬೇಕು.

ಬ್ಯಾಂಕಿಂಗ್, ವಿಮೆಯಲ್ಲಿ ಪಳಗಿದವರಿಗೆ ನಾವು ಮೊದಲು ಹೇಳುವುದು ಲಂಡನ್. 2025ರ ಜುಲೈನಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯ ಕನಿಷ್ಠ ವಾರ್ಷಿಕ ಸಂಬಳ 41,700 ಪೌಂಡ್. ಮ್ಯಾನೇಜರ್ ಸಂಬಳ ಅದನ್ನು ದಾಟುತ್ತದೆ, ಸಂಗಾತಿಯೂ ದುಡಿಯಬಹುದು. ಚಿಕ್ಕ ಸಂಸ್ಥೆಯಾದರೆ ವಿದೇಶಿಯರಿಗೆ ವೀಸಾ ಕೊಡಿಸಬಲ್ಲವರ ಸರ್ಕಾರಿ ಸ್ಪಾನ್ಸರ್ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಯೇ ಅರ್ಜಿ ಹಾಕಿ.

ಅಮೆರಿಕಕ್ಕೆ ನೇರ ಅರ್ಜಿ ಸದ್ಯಕ್ಕೆ ಬೇಡ. 2025ರ ಸೆಪ್ಟೆಂಬರ್‌ನಲ್ಲಿ, ಹೊರಗಿನಿಂದ ಬರುವವರ ಹೊಸ ಎಚ್-1ಬಿ ಕೆಲಸದ ವೀಸಾಗೆ 1 ಲಕ್ಷ ಡಾಲರ್ ಹೊರೆ ಹೇರಿದ ಮೇಲೆ ಕಂಪನಿಗಳು ಹಿಂಜರಿಯುತ್ತಿವೆ. ಅದೇ ಕಂಪನಿಯ ಬೆಂಗಳೂರು ಕಚೇರಿಯಲ್ಲಿ ಒಂದು ವರ್ಷ ಸತತ ದುಡಿದವರಿಗೆ ಎಲ್-1 ವೀಸಾದ ಮೇಲೆ ಕಂಪನಿಯೊಳಗಿನ ವರ್ಗಾವಣೆಯೇ ಮೇಲು.

ಒಂದೇ ಕಂಪನಿಯ ಐದು ಕಚೇರಿಗಳಿಗೆ ಹಾಕಬೇಡಿ. ಬಹುತೇಕ ಕಡೆ ಎಲ್ಲ ಕಚೇರಿಗೂ ಅರ್ಜಿದಾರರ ದತ್ತಾಂಶ ಒಂದೇ, ಒಮ್ಮೆ ತಿರಸ್ಕೃತವಾದರೆ ಸಾಮಾನ್ಯವಾಗಿ ಒಂದೆರಡು ವರ್ಷ ಬಾಗಿಲು ಮುಚ್ಚಿರುತ್ತದೆ. ಎರಡು ಸಾಕು.

ಹೊರಡುವ ದಿನವನ್ನೂ ತೆರಿಗೆ ನೋಡಿ ಗೊತ್ತುಮಾಡಿ. ಏಪ್ರಿಲ್‌ನಿಂದ ಎಣಿಸಿ ಭಾರತದಲ್ಲಿ 182 ದಿನ ತುಂಬದಂತೆ ಕೆಲಸಕ್ಕೆ ಹೊರಟರೆ ಆ ವರ್ಷ ತೆರಿಗೆಯ ಲೆಕ್ಕದಲ್ಲಿ ನೀವು ಸಾಮಾನ್ಯವಾಗಿ ಅನಿವಾಸಿ. ದೀಪಾವಳಿಗೆ ಬಂದು ಹೋದ ದಿನಗಳೂ ಇದರಲ್ಲಿ ಸೇರುತ್ತವೆ. 90 ದಿನದ ನೋಟಿಸ್ ಇರುವವರು ಜೂನ್ ಮೊದಲ ವಾರದೊಳಗೆ ರಾಜೀನಾಮೆ ಕೊಟ್ಟರೆ ಸೆಪ್ಟೆಂಬರ್ ಮೊದಲಲ್ಲಿ ಹೊರಡಲು ಆಗುತ್ತದೆ.