ಯಾರೂ ವಾಪಸ್ ಕರೆಯದ ಜಿಪ್ಸಿ

ಮೇ ತಿಂಗಳ ಕೊನೆಯ ರವಿವಾರ ಬೆಳಗಾವಿಯ ಉದ್ಯಮಬಾಗದ ಒಂದು ಶೆಡ್ಡಿನಲ್ಲಿ ಮೂರು ಮಾರುತಿ ಜಿಪ್ಸಿಗಳನ್ನು ಬೆಳಿಗ್ಗೆ ಎಂಟಕ್ಕೇ ಸ್ಟ್ಯಾಂಡಿಗೆ ಏರಿಸಿದೆವು. ಮಳೆಗಾಲ ಬಾಗಿಲಿಗೆ ಬಂದಿತ್ತು. ಜೂನ್ ಹಿಡಿಯಿತೆಂದರೆ ಜಾಂಬೋಟಿ, ಕಣಕುಂಬಿ ಕಡೆಯ ಗಾಡಿಗಳು ದಿನಬೆಳಗಾದರೆ ನೀರಿನಲ್ಲೇ ಓಡಾಡುತ್ತವೆ. ಆಮೇಲೆ ಬಿಚ್ಚಿ ನೋಡಲು ಪುರುಸೊತ್ತೂ ಸಿಗುವುದಿಲ್ಲ, ಒಣ ನೆಲವೂ ಸಿಗುವುದಿಲ್ಲ.

ಮೊದಲನೆಯದು 2004ರ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಜಿಪ್ಸಿ ಕಿಂಗ್. ಸೈನ್ಯದ ಹರಾಜಿನಲ್ಲಿ ಬಂದದ್ದು, ಈಗ ಖಾನಾಪುರ ತಾಲ್ಲೂಕಿನ ಒಬ್ಬ ರೈತರ ಕೈಯಲ್ಲಿದೆ. ಅವರ ದೂರು ಒಂದೇ.

“ಕಾಕಾ, ಅರವತ್ತು ದಾಟಿದ ಕೂಡಲೇ ಒಂದು ತಗ್ಗು ಬಿತ್ತಂದ್ರ ಸ್ಟೇರಿಂಗ್ ಕೈಯಾಗ ನಿಲ್ಲಂಗಿಲ್ಲ ನೋಡ್ರಿ. ಗಾಡಿ ಪೂರಾ ನಿಲ್ಲಿಸೂತನಕಾ ಅಲ್ಲಾಡತೈತಿ. ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸೇನಿ, ಹೊಸಾ ಡ್ಯಾಂಪರೂ ಹಾಕಿಸೇನಿ.”

“ಡ್ಯಾಂಪರ್ ಮೊದಲ ಹಾಕೂದಲ್ಲ ತಮ್ಮಾ,” ಅಂದರು ಮಿಸ್ತ್ರಿ ಕಾಕಾ. “ಅದು ಕಡೀಕ.”

ಕಾಕಾ ಹೇಳಿದ್ದು ಹಳೆ ಜಿಪ್ಸಿ ಇಟ್ಟುಕೊಂಡ ಎಲ್ಲರಿಗೂ ಸಲ್ಲುವ ಮಾತು. ಮುಂದಿನ ಚಕ್ರಗಳು ಹೀಗೆ ಹುಚ್ಚೆದ್ದು ಅಲ್ಲಾಡಲು ಟೈರಿನ ಬ್ಯಾಲೆನ್ಸ್, ಟೈರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿಯ ಕೀಲು), ವೀಲ್ ಬೇರಿಂಗ್, ಕಿಂಗ್‌ಪಿನ್ (ಚಕ್ರ ಎಡಬಲ ತಿರುಗುವ ಗೂಟ) ಬೇರಿಂಗ್ ಈ ನಾಲ್ಕರಲ್ಲಿ ಯಾವುದಾದರೂ ಕಾರಣವಿರಬಹುದು. ಡ್ಯಾಂಪರ್ ಅಂದರೆ ಸ್ಟೇರಿಂಗಿನ ಅಲುಗಾಟ ಹೀರುವ ಶಾಕ್. ಹೊಸದು ಹಾಕಿದರೆ ಕೆಲವು ತಿಂಗಳು ಅಲುಗಾಟ ಅಡಗುತ್ತದೆ, ಸವೆತ ಮಾತ್ರ ಒಳಗೊಳಗೇ ಬೆಳೆಯುತ್ತಿರುತ್ತದೆ. ಇದಕ್ಕಿಂತ ಅಪಾಯದ ರಿಪೇರಿ ಇನ್ನೊಂದಿಲ್ಲ.

ಪರೀಕ್ಷೆಗೆ ಯಂತ್ರವೇನೂ ಬೇಡ. ಚಕ್ರ ನೆಲ ಬಿಟ್ಟಿರಬೇಕು, ಸ್ಟ್ಯಾಂಡು ಆಕ್ಸಲ್ ಕೆಳಗಿರಬೇಕು. ಒಂದು ಕೈ ಟೈರಿನ ನೆತ್ತಿಗೆ, ಇನ್ನೊಂದು ಬುಡಕ್ಕೆ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಕಂಡರೆ ಇನ್ನೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ತಪ್ಪು ವೀಲ್ ಬೇರಿಂಗಿನದು. ಹಿಡಿದರೂ ಆಟ ಹಾಗೇ ಉಳಿದರೆ ಕಿಂಗ್‌ಪಿನ್ನಿನದು. ಎಡಬಲ ಹಿಡಿದು ಅಲ್ಲಾಡಿಸಿದರೆ ಟೈರಾಡ್ ಎಂಡ್‌ಗಳ ಹಣೆಬರಹ ಗೊತ್ತಾಗುತ್ತದೆ. ಈ ಗಾಡಿಯ ಬಲಚಕ್ರದಲ್ಲಿ ಬ್ರೇಕ್ ತುಳಿದರೂ ‘ಟಕ್ ಟಕ್’ ಅನ್ನುವುದು ನಿಲ್ಲಲಿಲ್ಲ.

ಬಿಚ್ಚಿದೆವು. ಕ್ಯಾಲಿಪರನ್ನು ತಂತಿಯಿಂದ ಲೀಫ್ ಸ್ಪ್ರಿಂಗಿಗೆ ಕಟ್ಟಿದೆವು. ಬ್ರೇಕ್ ಹೋಸಿಗೆ ಜೋತುಬಿಟ್ಟರೆ ಹೋಸ್ ಒಳಗೇ ಹರಿಯುತ್ತದೆ, ಹೊರಗೆ ಕಾಣುವುದೇ ಇಲ್ಲ. ಹಬ್, ಸ್ಟಬ್, ಆಕ್ಸಲ್ ಶಾಫ್ಟ್ ಹೊರಬಂದ ಮೇಲೆ ಆಕ್ಸಲ್ ತುದಿಯ ಗೋಳದ ಹಿಂದಿನ ಸೀಲು ಹಿಡಿದಿರುವ ಪಟ್ಟಿಯ ಸಣ್ಣ ಬೋಲ್ಟುಗಳು, ಕೊನೆಗೆ ಮೇಲಿನ ಮತ್ತು ಕೆಳಗಿನ ಕಿಂಗ್‌ಪಿನ್. ಪಿನ್ನಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ಗುರುತು ಹಾಕಬೇಕು, ಅದರಡಿಯ ಶಿಮ್ಮುಗಳನ್ನು (ತೆಳು ತಗಡಿನ ಬಿಲ್ಲೆಗಳನ್ನು) ಎಣಿಸಿ ಬೇರೆಬೇರೆ ಕಟ್ಟಿಡಬೇಕು. ಅಲ್ಲಿ ಅವಸರ ಮಾಡಿದರೆ ಸಂಜೆ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಗೋಳದೊಳಗೆ ಗ್ರೀಸ್ ಇರಲಿಲ್ಲ. ಕಾಫಿಗೆ ಹಾಲು ಹೆಚ್ಚಾದ ಬಣ್ಣದ ನೀರುನೀರಾದ ಒಂದು ಲೋಳೆ, ಬೆರಳಲ್ಲಿ ಹಿಚುಕಿದರೆ ತುಕ್ಕಿನ ಹರಳು ಚುಚ್ಚುತ್ತಿತ್ತು. ಬೇರಿಂಗ್ ಕಪ್ಪನ್ನು ಒರೆಸಿ ಬೆಳಕಿಗೆ ಹಿಡಿದಾಗ ಒಳಮೈ ಮೇಲೆ ಸಾಲಾಗಿ ಗೀರುಗಳು, ಉಗುರು ಆಡಿಸಿದರೆ ತಡೆಯುವಷ್ಟು ಆಳ. ಗಾಡಿ ಬಹುಪಾಲು ನೇರವಾಗಿಯೇ ಓಡುತ್ತದಲ್ಲ, ಆದ್ದರಿಂದ ಈ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ. ಪ್ರತಿ ತಗ್ಗಿನ ಹೊಡೆತವೂ ರೋಲರುಗಳು ಕೂತ ಅದೇ ಜಾಗಕ್ಕೇ ಬೀಳುತ್ತದೆ. ಗ್ರೀಸ್ ಇದ್ದರೆ ತಾಳಿಕೊಳ್ಳುತ್ತದೆ. ನೀರು ಹೊಕ್ಕರೆ ಒಂದೆರಡು ಮಳೆಗಾಲದಲ್ಲಿ ಹೀಗಾಗುತ್ತದೆ.

ನೀರು ಹೋದದ್ದು ಸೀಲಿನಿಂದ. ಗೋಳದ ಮೈ ತುಕ್ಕು ತಿಂದು ಒರಟಾದರೆ ಹೊಸ ಸೀಲೂ ಬಹಳ ದಿನ ಬಾಳುವುದಿಲ್ಲ. ಅದಕ್ಕೇ ಸೀಲು ಹಾಕುವ ಮೊದಲು ಆ ಮೈಯನ್ನು ಸಣ್ಣ ಎಮರಿ ಕಾಗದದಿಂದ ನುಣುಪು ಮಾಡಿ ತೆಳ್ಳಗೆ ಗ್ರೀಸ್ ಬಳಿಯಬೇಕು. ಹೆಚ್ಚಿನ ಕಡೆ ಈ ಅರ್ಧ ತಾಸಿನ ಕೆಲಸವನ್ನೇ ಬಿಟ್ಟುಬಿಡುತ್ತಾರೆ.

ಇನ್ನು ಬಿಗಿ. ಕಿಂಗ್‌ಪಿನ್ ಬೇರಿಂಗ್ ಎಷ್ಟು ಬಿಗಿಯಿರಬೇಕು ಎಂಬುದನ್ನು ಕೈ ಅಂದಾಜಿನಲ್ಲಿ ಬಿಟ್ಟರೆ ಕೆಟ್ಟಂತೆಯೇ. ಸೀಲು ಹಾಕುವ ಮುಂಚೆ, ಟೈರಾಡ್ ಕಳಚಿ, ಟೈರಾಡ್ ಎಂಡ್ ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ ಸ್ಪ್ರಿಂಗ್ ಕಾಟಾದಿಂದ ಎಳೆಯಬೇಕು. ನಕಲ್ (ಚಕ್ರ ಹೊತ್ತು ತಿರುಗುವ ಭಾಗ) ತಿರುಗಲು ಶುರುವಾಗುವ ಕ್ಷಣದಲ್ಲಿ ಕಾಟಾ 1ರಿಂದ 1.8 ಕೆಜಿ ತೋರಿಸಬೇಕು. ತರಕಾರಿ ತೂಗುವ ಸಣ್ಣ ತೂಗು ಕಾಟಾ ಸಾಕು. ಕಡಿಮೆ ತೋರಿಸಿದರೆ ಶಿಮ್ ತೆಗೆಯಬೇಕು, ಹೆಚ್ಚು ತೋರಿಸಿದರೆ ಸೇರಿಸಬೇಕು. ಹೊಸ ಬೇರಿಂಗ್ ಹಾಕಿ ಹಳೆ ಶಿಮ್ಮುಗಳನ್ನೇ ಇಟ್ಟಾಗ ಬಲಗಡೆ 700 ಗ್ರಾಂ ಬಂತು. 0.1 ಮಿ.ಮೀ.ನ ಒಂದೇ ಶಿಮ್ ತೆಗೆದದ್ದಕ್ಕೆ 1.4 ಕೆಜಿಗೆ ಏರಿತು. ಒಂದು ಕೂದಲಿನಷ್ಟು ದಪ್ಪದ ತಗಡು ಇಷ್ಟು ವ್ಯತ್ಯಾಸ ಮಾಡುತ್ತದೆ!

ಎಡಗಡೆ ನೋಡಿದಾಗ ಎಲ್ಲರೂ ಸುಮ್ಮನಾದೆವು. ಅಲ್ಲಿ ಶಿಮ್ಮೇ ಇರಲಿಲ್ಲ. ಹಿಂದೆ ಯಾರೋ ಸವೆದ ಬೇರಿಂಗಿನ ಆಟ ಮುಚ್ಚಲು ಎಲ್ಲಾ ಶಿಮ್ ತೆಗೆದು ಬಿಗಿದಿದ್ದರು. ಕಾಟಾ 3 ಕೆಜಿ ದಾಟಿತು. ಹೀಗಾದಾಗ ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಚೋರ್ಲಾ ಘಾಟಿನ ತಿರುವುಗಳಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಚಹಾ ಹೊತ್ತಿಗೆ ಆ ರೈತರು ಕೇಳಿದರು: “ಟಿವ್ಯಾಗ ಹೊಸಾ ಗಾಡಿಗೋಳ್ನ ಕಂಪನಿಯವ್ರು ವಾಪಸ್ ಕರದು ಫುಕಟ್ ರಿಪೇರಿ ಮಾಡಿ ಕೊಡ್ತಾರಂತ ತೋರಸ್ತಾರಲ್ರಿ, ನಮಗ ಹಂಗ ಬರಂಗಿಲ್ಲೇನು?”

ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 110ಎ ಕಲಂ ಸೇರಿತು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಸುರಕ್ಷತೆಯ ದೋಷವಿದ್ದರೆ ವಾಪಸ್ ಕರೆಸಲು ಸರಕಾರವೇ ಆದೇಶ ಮಾಡಬಹುದು, ಆದರೆ ಅದು ಏಳು ವರ್ಷದೊಳಗಿನ ಗಾಡಿಗಳಿಗೆ. ಹೊಸ ಗಾಡಿಯವರಿಗೆ ಇದರಿಂದ ನಿಜವಾದ ಉಪಯೋಗವಿದೆ. 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರ ನಡುವೆ ತಯಾರಾದ 1,577 ಡೀಸೆಲ್ ಮಹೀಂದ್ರಾ ಥಾರ್‌ಗಳನ್ನು ಕ್ಯಾಮ್‌ಶಾಫ್ಟ್ ಪರೀಕ್ಷೆಗೆ ಕಂಪನಿ ತಾನಾಗಿಯೇ ಕರೆಸಿತ್ತು. ಹಳೆ ಥಾರ್ ಕೊಳ್ಳುವವರು ಚಾಸಿ ನಂಬರ್ ಕೊಟ್ಟು ಆ ಕೆಲಸ ಆಗಿದೆಯೇ ಎಂದು ಮೊದಲು ವಿಚಾರಿಸಬೇಕು. ಜಿಪ್ಸಿ ಹುಟ್ಟಿದ್ದು 1985ರಲ್ಲಿ, ಜನರಿಗೆ ಮಾರುವುದು ನಿಂತದ್ದು 2019ರಲ್ಲಿ. ನಮ್ಮ ಭಾಗದಲ್ಲಿ ಓಡುವವು ಹೆಚ್ಚಿನವು ಹದಿನೈದು ವರ್ಷ ದಾಟಿ, ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಮಾಡಿಸಿಕೊಳ್ಳುವಂಥವು. ಇವುಗಳ ಒಳಗನ್ನು ಬಿಚ್ಚಿ ನೋಡುವ ಜವಾಬ್ದಾರಿ ಪೂರ್ತಿ ಮಾಲೀಕರದು, ಅವರ ಮಿಸ್ತ್ರಿಯದು.

ಎರಡನೆಯ ಗಾಡಿಯ ಮಾಲೀಕರು ಹಿಂದಿನ ಬ್ರೇಕ್ ಹಿಡಿಯುವುದಿಲ್ಲ ಎಂದಿದ್ದರು. ಡ್ರಮ್ ತೆಗೆದರೆ ಶೂಗಳು ಗೇರ್ ಆಯಿಲಿನಲ್ಲಿ ನೆಂದಿದ್ದವು. ಎಲ್ಲರೂ ಆಯಿಲ್ ಸೀಲನ್ನು ಬೈಯುತ್ತಾರೆ, ಮೂಲ ಇರುವುದು ಆಕ್ಸಲ್ ಮೇಲಿನ, ಒಳಗಿನ ಗಾಳಿ ಆಡುವ, ಬೆರಳುದ್ದದ ಬ್ರೀದರ್‌ನಲ್ಲಿ. ಅದು ಕೆಸರು ತುಂಬಿ ಮುಚ್ಚಿಹೋದರೆ ಓಡಿ ಬಿಸಿಯಾದ ಆಕ್ಸಲಿನೊಳಗಿನ ಗಾಳಿಗೆ ದಾರಿ ಸಿಗುವುದಿಲ್ಲ, ಆಯಿಲನ್ನು ಸೀಲಿನ ಮೂಲಕ ಹೊರಗೆ ದೂಡುತ್ತದೆ. ಅದೇ ಬಿಸಿ ಆಕ್ಸಲ್ ಹಳ್ಳಕ್ಕೆ ಇಳಿದರೆ ಗಾಳಿ ತಟ್ಟನೆ ಕುಗ್ಗಿ ನೀರನ್ನು ಒಳಗೆ ಎಳೆಯುತ್ತದೆ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಬಂದದ್ದು ಮಜ್ಜಿಗೆಯಂಥ ಆಯಿಲ್. ಸೀಲು ಮಾತ್ರ ಬದಲಿಸಿ ಕಳಿಸಿದ್ದರೆ ಆಗಸ್ಟಿನಲ್ಲಿ ಇದೇ ಗಾಡಿ ಇದೇ ದೂರಿನೊಂದಿಗೆ ಮತ್ತೆ ಬರುತ್ತಿತ್ತು. ಬ್ರೀದರ್ ತೊಳೆದು, ಅದಕ್ಕೆ ರಬ್ಬರ್ ನಳಿಕೆ ಜೋಡಿಸಿ ಹಿಂದಿನದನ್ನು ಬಾಡಿಯ ಮೇಲ್ಭಾಗಕ್ಕೂ ಮುಂದಿನದನ್ನು ಬಾನೆಟ್ ಒಳಕ್ಕೂ ಎತ್ತಿ ಕಟ್ಟಿದೆವು. ಆಯಿಲ್ ಮುಂದೆ 2 ಲೀಟರ್, ಹಿಂದೆ ಒಂದೂವರೆ, ಟ್ರಾನ್ಸ್‌ಫರ್ ಕೇಸಿಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) 800 ಮಿ.ಲೀ. ಹಳೆ ಆಯಿಲ್ ಇಳಿಸುವ ಮುಂಚೆ, ಆಯಿಲ್ ತುಂಬುವ ಫಿಲ್ಲರ್ ಬೋಲ್ಟನ್ನೇ ಮೊದಲು ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬರದೇ ಹೋದರೆ, ಡ್ರೇನ್ ಮಾಡಿ ಖಾಲಿಯಾದ ಆಕ್ಸಲನ್ನು ನೋಡುತ್ತ ಕೂರಬೇಕಾಗುತ್ತದೆ. ಎಣ್ಣೆ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ, ಬಿಸಿಯಾದಾಗ ಎಣ್ಣೆ ಮತ್ತೆ ಒಸರುತ್ತದೆ. ಹೊಸ ಶೂ ಹಾಕಿ.

ಇದೇ ಗಾಡಿಯ ಇಂಜಿನ್ ಹತ್ತಿರ ಪೆಟ್ರೋಲ್ ವಾಸನೆ ಇತ್ತು. ಕಾರ್ಬುರೇಟರ್ ಗಾಡಿಗೆ ಹಾಕುವ ಸಾದಾ ಹೋಸನ್ನು ಎಂಪಿಎಫ್‌ಐ ಇಂಜಿನ್ನಿಗೆ ಹಾಕಿದ್ದರು. ಇಂಜೆಕ್ಷನ್ ಲೈನಿನ ಒತ್ತಡ ಕಾರ್ಬುರೇಟರಿಗಿಂತ ಎಷ್ಟೋ ಪಟ್ಟು ಹೆಚ್ಚು, ಸಾದಾ ಹೋಸ್ ಕ್ಲಿಪ್ಪಿನ ಹತ್ತಿರ ಬಿರುಕು ಬಿಡುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್. ಇಂಜೆಕ್ಷನ್ನಿಗೆಂದೇ ಬರುವ ಹೋಸ್ ಮತ್ತು ಅದರ ಸುತ್ತುಕ್ಲಿಪ್ಪೇ ಬೇಕು, ಇದರಲ್ಲಿ ಹೊಂದಾಣಿಕೆಯಿಲ್ಲ. ಟ್ಯಾಂಕಿನ ಬಾಯಿಯ ರಬ್ಬರನ್ನೂ ಬಗ್ಗಿಸಿ ನೋಡಿ. ಹರಾಜಿನ ಗಾಡಿಯಾದರೆ ಟೈಮಿಂಗ್ ಬೆಲ್ಟಿನ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ, ಮೀಟರ್ ನೋಡದೆ ಬದಲಿಸಿಬಿಡಿ.

ಮೂರನೆಯದಕ್ಕೆ ರಿಪೇರಿ ಬೇಕಿರಲಿಲ್ಲ, ಬುದ್ಧಿವಾದ ಬೇಕಿತ್ತು. ಕಾಲೇಜು ಹುಡುಗನ ಗಾಡಿ. ಲೀಫ್ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದದ್ದು, ದಪ್ಪ ಟೈರ್, ಮೇಲೆ ಕಬ್ಬಿಣದ ಕ್ಯಾರಿಯರ್. ಇದೇ ವಂಶದ, ಗಿಡ್ಡ ಚಾಸಿಯ ಸುಝುಕಿ ಸಮುರಾಯ್ ಪಲ್ಟಿಯಾಗುತ್ತದೆಂದು 1988ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆಯೊಂದು ಬರೆದದ್ದು ದೊಡ್ಡ ಗದ್ದಲವಾಗಿ, ಕೋರ್ಟಿಗೆ ಹೋಗಿ, 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಯಾರು ಸರಿ ಎಂಬ ವಾದ ಅಲ್ಲಿಗೇ ಇರಲಿ. ನಮ್ಮ ಜಿಪ್ಸಿ ಉದ್ದವಿದೆ, ಬೀಳುವುದಿಲ್ಲ ಎಂದು ಹುಡುಗರು ಹೇಳುವುದು ಮಾತ್ರ ತಪ್ಪು. ಗಾಡಿ ಪಕ್ಕಕ್ಕೆ ಉರುಳುವುದನ್ನು ತಡೆಯುವುದು ಎಡಬಲ ಚಕ್ರಗಳ ನಡುವಿನ ಅಗಲ ಮತ್ತು ಭಾರ ಎಷ್ಟು ಕೆಳಗಿದೆ ಎಂಬುದು, ಉದ್ದವಲ್ಲ. 1993ರಲ್ಲಿ ಜಿಪ್ಸಿಯ ಆ ಅಗಲವನ್ನು 90 ಮಿ.ಮೀ. ಹೆಚ್ಚಿಸಿದರು. ಕ್ಯಾರಿಯರ್ ಮೇಲೆ ಸ್ಟೆಪ್ನಿ, ಡಬ್ಬಿ, ಟೆಂಟ್ ಹೇರಿದರೆ ಆ ಲಾಭವನ್ನು ನಾವೇ ಕಳೆದುಕೊಳ್ಳುತ್ತೇವೆ. ಉದ್ದ ಶ್ಯಾಕಲ್ ಇನ್ನೂ ಒಂದು ಕೇಡು ಮಾಡುತ್ತದೆ: ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ, ಸ್ಟೇರಿಂಗನ್ನು ನೇರಕ್ಕೆ ಹಿಡಿದಿಡುವ ಕ್ಯಾಸ್ಟರ್ ಕೋನ ತಗ್ಗುತ್ತದೆ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ತೇಲುತ್ತದೆ. ಹಿಂದೆ ಎದುರುಬದುರು ಕೂರುವ ಸೀಟಿನಲ್ಲಿ ಬೆಲ್ಟೂ ಇಲ್ಲ. ಮಕ್ಕಳನ್ನು ಅಲ್ಲಿ ಕೂರಿಸಿ ಗೋವಾಕ್ಕೆ ಹೊರಡುವವರನ್ನು ಕಂಡಾಗ ಜೀವ ಝಲ್ಲೆನ್ನುತ್ತದೆ.

“ಅಣ್ಣಾ, ಶ್ಯಾಕಲ್ ತೆಗದ್ರ ಗಾಡಿ ಗಿಡ್ಡ ಕಾಣತೈತ್ರಿ,” ಅಂದ ಹುಡುಗ. ಸ್ವಲ್ಪ ಹೊತ್ತು ಬಿಟ್ಟು, “ಕ್ಯಾರಿಯರ್ ಇವತ್ತ ತೆಗೀತೇನ್ರಿ. ಶ್ಯಾಕಲ್ ಮುಂದಿನ ವಾರ,” ಅಂದ.

ಸಂಜೆ ಐದೂವರೆಗೆ ಮೊದಲ ಗಾಡಿಯನ್ನು ಕಾಕತಿ ಕಡೆ ಹೆದ್ದಾರಿಗೆ ಇಳಿಸಿದೆವು. ಅರವತ್ತು, ಅರವತ್ತೈದು, ಎಪ್ಪತ್ತು. ಸೇತುವೆಯ ಜೋಡಣೆ ದಾಟಿದಾಗ ಸ್ಟೇರಿಂಗ್ ಒಮ್ಮೆ ನಡುಗಿ ಅಲ್ಲೇ ನಿಂತಿತು. ಮರಳಿ ಬಂದು ಹಬ್ ಮುಟ್ಟಿ ನೋಡಿದರೆ ಎರಡೂ ಕಡೆ ಒಂದೇ ಬಿಸಿ, ಕೈ ಇಡಬಹುದಾದಷ್ಟು. 500 ಕಿಲೋಮೀಟರ್ ಆದ ಮೇಲೆ ಕಿಂಗ್‌ಪಿನ್ ಬೋಲ್ಟುಗಳನ್ನೂ ವೀಲ್ ಬೇರಿಂಗನ್ನೂ ಮತ್ತೆ ನೋಡಬೇಕೆಂದು ಕಾಕಾ ಸೀಮೆಸುಣ್ಣದಿಂದ ಬಾನೆಟ್ಟಿನ ಒಳಗಡೆ ಮೀಟರ್ ನಂಬರ್ ಬರೆದರು.