ದೇಶದ ಸಾಲ ನಮ್ಮ ಮನೆಗೆ ಹೇಗೆ ಬರುತ್ತದೆ?

ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಮಕ್ಕಳ ತಂದೆಯರು ಸಿಕ್ಕಾಗೆಲ್ಲ ಕೇಳುವುದು ಇದೇ: "ಮೇಷ್ಟ್ರೇ, ದೇಶ ಸಾಲದಲ್ಲಿ ಮುಳುಗಿದ್ರೆ ನಮಗೇನಾಗುತ್ತೆ? ಮನೆಗೇನು ನೋಟೀಸ್ ಬರುತ್ತಾ?"

ನೋಟೀಸ್ ಬರುವುದಿಲ್ಲ. ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ.

ಆಲೆಮನೆ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆ ತುಂಬ ಬೆಲ್ಲ ಇದ್ದರೂ ಸಾಲ ಕೊಟ್ಟವರು ಕೇಳುವುದು ದುಡ್ಡನ್ನೇ. ದೇಶವೂ ಹಾಗೇ, ಹೊರಗಿನ ಸಾಲವನ್ನು ಹೆಚ್ಚಾಗಿ ಡಾಲರ್‌ನಲ್ಲೇ ತೀರಿಸಬೇಕು. ತನ್ನ ನೋಟು ಎಷ್ಟು ಬೇಕಾದರೂ ಅಚ್ಚು ಹಾಕಬಹುದು, ಡಾಲರ್ ಹಾಕೋಕಾಗಲ್ಲ. ರಫ್ತಿನಿಂದ, ಪ್ರವಾಸಿಗರಿಂದ, ಹೊರಗೆ ದುಡಿಯುವವರು ಕಳಿಸುವ ಹಣದಿಂದ ಬಂದ ಡಾಲರೆಲ್ಲ ಹಳೇ ಸಾಲದ ಕಂತಿಗೇ ಹೋದರೆ ಪೆಟ್ರೋಲು, ಗ್ಯಾಸು, ಔಷಧಿ ತರಿಸುವುದು ಯಾವುದರಲ್ಲಿ?

ಶ್ರೀಲಂಕಾ ನೋಡಿ. ಹೊರದೇಶದ ಸಾಲ ಸದ್ಯಕ್ಕೆ ಕಟ್ಟುವುದಿಲ್ಲ ಎಂದು ಸರ್ಕಾರ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಜನರಿಗೆ ಬಿಸಿ ಮುಟ್ಟಿದ್ದು ಅದಕ್ಕೂ ಮೊದಲೇ. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇರಲಿಲ್ಲ. ಪೆಟ್ರೋಲು, ಸೀಮೆಎಣ್ಣೆಗೆ ಬಿಸಿಲಲ್ಲಿ ಸಾಲು ನಿಂತ ವಯಸ್ಸಾದವರು ಅಲ್ಲೇ ಕುಸಿದು ಸತ್ತರು. ಸೆಪ್ಟೆಂಬರ್ ಹೊತ್ತಿಗೆ ಊಟದ ಸಾಮಾನಿನ ಬೆಲೆ ಒಂದೇ ವರ್ಷದಲ್ಲಿ ಶೇ. 90ಕ್ಕಿಂತ ಜಾಸ್ತಿ ಏರಿತ್ತು. ಸಂಬಳ ಅಷ್ಟೇ ಇದ್ದರೆ ತಟ್ಟೆ ಅರ್ಧ ಆಯ್ತು ಅಲ್ವಾ? ಇನ್ನೊಂದು ವಿಷಯ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಪ್ರಶ್ನೆಪತ್ರಿಕೆಗೆ ಕಾಗದ ತರಿಸಲು ಡಾಲರ್ ಇಲ್ಲದೆ ಕೊಲಂಬೊ ಕಡೆ ಶಾಲೆಗಳ ಪರೀಕ್ಷೆಯನ್ನೇ ಮುಂದಕ್ಕೆ ಹಾಕಿದರು. ವರ್ಷವಿಡೀ ಓದಿದ ಮಕ್ಕಳು!

"ನಮಗೂ ಹಂಗಾಗುತ್ತಾ?" ಅಂತಾರೆ. ಅಷ್ಟು ಸುಲಭಕ್ಕಿಲ್ಲ. ಭಾರತ ಸರ್ಕಾರದ ಸಾಲದಲ್ಲಿ ಹೆಚ್ಚಿನ ಪಾಲು ದೇಶದೊಳಗಿನದು, ರೂಪಾಯಿಯಲ್ಲೇ ಇದೆ. ಆದರೆ ಅಂಚಿನವರೆಗೆ ನಾವೂ ಹೋಗಿ ಬಂದಿದ್ದೇವೆ. 1991ರಲ್ಲಿ ಡಾಲರ್ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಕಳಿಸಿ ಅಡವಿಟ್ಟಿತು, ಜುಲೈನಲ್ಲಿ ರೂಪಾಯಿ ಬೆಲೆ ಇಳಿಸಿದರು, ಸರ್ಕಾರದ ಖರ್ಚು ತಗ್ಗಿಸಲು ಅದೇ ತಿಂಗಳ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗೊಬ್ಬರದ ದರ ಶೇ. 40 ಏರಿಸಿದರು, ಗಲಾಟೆಯಾದ ಮೇಲೆ ಅದು 30ಕ್ಕೆ ಇಳಿಯಿತು.

ಆ ವರ್ಷ ನಮ್ಮಪ್ಪ ಕಬ್ಬಿಗೆ ಆರು ಮೂಟೆ ಗೊಬ್ಬರ ಹಾಕುವ ಕಡೆ ನಾಲ್ಕೇ ಹಾಕಿದ್ದರು. ಲಂಡನ್ನಿಗೆ ಹೋದ ಚಿನ್ನಕ್ಕೂ ನಮ್ಮ ಗದ್ದೆಯಲ್ಲಿ ಸೊರಗಿದ ಕಬ್ಬಿಗೂ ನಂಟಿದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದು, ಡಿಗ್ರಿ ಓದುವಾಗ. ಅಪ್ಪನಿಗೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ನೆ ಕೂತಿದ್ದರು.