ಮಂಗಳವಾರ ಕಾಫಿ ಇಲ್ಲ

ಬೆಳಿಗ್ಗೆ ಕಾಫಿ ಕುಡಿಯದೆ ಹೋಗಿ ಎಂಆರ್‌ಐ ಯಂತ್ರದೊಳಗೆ ಮಲಗುತ್ತಿದ್ದ ಒಬ್ಬ ಪ್ರೊಫೆಸರ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಹೆಸರು ರಸ್ ಪೋಲ್ಡ್ರಾಕ್, ಮಿದುಳನ್ನು ಸ್ಕ್ಯಾನ್ ಮಾಡಿ ಮನಸ್ಸನ್ನು ಅಧ್ಯಯನ ಮಾಡುವವರು. ಈಗ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾರೆ, ಆಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದರು. 2012ರಲ್ಲಿ ಶುರು ಮಾಡಿ ಸುಮಾರು ಒಂದೂವರೆ ವರ್ಷ, ಹೆಚ್ಚಾಗಿ ಮಂಗಳವಾರ ಮತ್ತು ಗುರುವಾರ, ತಮ್ಮ ಮಿದುಳನ್ನೇ ನೂರಕ್ಕೂ ಜಾಸ್ತಿ ಸಲ ಸ್ಕ್ಯಾನ್ ಮಾಡಿಸಿಕೊಂಡರು. ಮಂಗಳವಾರ ರಕ್ತ ಕೊಡಬೇಕಿತ್ತು, ಹಾಗಾಗಿ ತಿಂಡಿಯೂ ಇಲ್ಲ, ಕಾಫಿಯೂ ಇಲ್ಲ. ಗುರುವಾರ ಎರಡೂ ಆಗಿರುತ್ತಿತ್ತು.

ಕಾಫಿ ಇಲ್ಲದ ದಿನ ನೋಟದ ಭಾಗಕ್ಕೂ, ಮೈಯ ಸ್ಪರ್ಶ ಮತ್ತು ಚಲನೆ ನೋಡಿಕೊಳ್ಳುವ ಭಾಗಕ್ಕೂ ನಂಟು ಜಾಸ್ತಿ ಗಟ್ಟಿಯಾಗಿರುತ್ತಿತ್ತಂತೆ. ಇದು ಕಾಫಿಯ ಮಹಿಮೆಯೋ ತಿಂಡಿಯ ಮಹಿಮೆಯೋ? ಎರಡನ್ನೂ ಒಂದೇ ದಿನ ಬಿಟ್ಟಿದ್ದರಿಂದ ಹೇಳೋಕಾಗಲ್ಲ. (ಫಿಲ್ಟರ್ ಕಾಫಿ ಮನೆಯಲ್ಲಿ ಬೆಳೆದ ನನಗೆ ಉತ್ತರ ಮೊದಲೇ ಗೊತ್ತಿದೆ, ಅದು ಬೇರೆ ವಿಷಯ.) 2015ರಲ್ಲಿ ಪೇಪರ್ ಬಂತು, ಡೇಟಾ ಪೂರ್ತಿ ಎಲ್ಲರಿಗೂ ಬಿಟ್ಟರು.

ಹೀಗೆ ಡೇಟಾ, ಲೆಕ್ಕ ಎಲ್ಲ ಎಲ್ಲರಿಗೂ ತೆರೆದಿಡುವ ಓಪನ್ ಸೈನ್ಸ್ ಅಂದರೆ ಧಾರಾಳ ಮನಸ್ಸು ಅಂತ ಜನ ಅಂದುಕೊಳ್ಳುತ್ತಾರೆ. ಈ ಮನುಷ್ಯನನ್ನು ನೋಡಿದರೆ ಅದು ಧಾರಾಳಕ್ಕಿಂತ ಅನುಮಾನ ಅನ್ನಿಸುತ್ತದೆ, ಮೊದಲು ತಮ್ಮ ಕ್ಷೇತ್ರದ ಮೇಲೆ, ಆಮೇಲೆ ತಮ್ಮ ಮೇಲೂ. 2006ರಲ್ಲೇ ಒಂದು ಪೇಪರ್ ಬರೆದರು: ಮಿದುಳಿನ ಒಂದು ಜಾಗ ಚುರುಕಾಯಿತು ಅಂದ ಮಾತ್ರಕ್ಕೆ ಆ ಮನುಷ್ಯನಿಗೆ ಭಯವೋ ಪ್ರೀತಿಯೋ ಅಂತ ಹೇಳಬೇಡಿ ಅಂತ. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬಂತು. ಜನರಿಗೆ ಐಫೋನ್ ಮೇಲೆ ಇರುವುದು ನಿಜವಾದ ಪ್ರೀತಿಯಂತೆ, ಇನ್ಸುಲಾ ಅನ್ನುವ ಭಾಗ ಚುರುಕಾಯಿತಂತೆ! ಪೋಲ್ಡ್ರಾಕ್ ಮತ್ತು ನಲವತ್ತಕ್ಕೂ ಹೆಚ್ಚು ವಿಜ್ಞಾನಿಗಳು ಪತ್ರ ಬರೆದರು. ಮಿದುಳಿನ ಸ್ಕ್ಯಾನ್ ಅಧ್ಯಯನಗಳಲ್ಲಿ ಮೂರರಲ್ಲಿ ಒಂದರಲ್ಲಿ ಇನ್ಸುಲಾ ಚುರುಕಾಗುತ್ತದೆ, ಎಲ್ಲ ಪ್ರೀತಿಯೇನಾ?

ಸರಿ, ಅನುಮಾನ ಬಂದರೆ ಏನು ಮಾಡೋದು? ಡೇಟಾ ಬೇಕು, ಬೇರೆಯವರದ್ದೂ ಬೇಕು. ಆದರೆ ಒಂದೊಂದು ಲ್ಯಾಬಿನ ಫೋಲ್ಡರ್ ಒಂದೊಂದು ಥರ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ 'ಫೈನಲ್', 'ಫೈನಲ್2', 'ಇದೇ ನಿಜವಾದ ಫೈನಲ್' ಅಂತ ಮೂರು ಫೋಲ್ಡರ್ ಇದ್ದವು, ಯಾವುದರಿಂದ ಗ್ರಾಫ್ ಬಂತು ಅಂತ ಹುಡುಕುವುದರಲ್ಲೇ ಒಂದು ವಾರ ಹೋಯಿತು, ಕೊನೆಗೆ ಅದು ನಾಲ್ಕನೆಯದರಲ್ಲಿತ್ತು. ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯೊಳಗೆ ಮೆಂತ್ಯ ಇರುತ್ತಲ್ಲ, ಇಟ್ಟವರಿಗೆ ಮಾತ್ರ ಗೊತ್ತು, ಹಾಗೆ. ಕ್ರಿಸ್ ಗೊರ್ಗೊಲೆವ್ಸ್ಕಿ, ಪೋಲ್ಡ್ರಾಕ್ ಮತ್ತು ಗೆಳೆಯರು 2016ರಲ್ಲಿ ಬಿಡ್ಸ್ ಅನ್ನುವ ನಿಯಮ ಹೊರತಂದರು. ಅದು ಏನೂ ದೊಡ್ಡ ಮಾಯ ಅಲ್ಲ: ಯಾವ ಫೈಲ್‌ಗೆ ಯಾವ ಹೆಸರು, ಯಾವ ಫೋಲ್ಡರ್‌ನಲ್ಲಿ, ಅಷ್ಟೇ. ಆದರೆ ಡೇಟಾ ಸೈನ್ಸ್ ಅಂದರೆ ಮುಕ್ಕಾಲು ಪಾಲು ಇದೇ, ಅಲ್ವಾ? ಮಿದುಳಿನ ಸ್ಕ್ಯಾನ್ ಡೇಟಾ ಎಲ್ಲರಿಗೂ ಸಿಗುವ ಅವರ ವೆಬ್‌ಸೈಟ್ ಓಪನ್‌ಎಫ್‌ಎಂಆರ್‌ಐ ಬೆಳೆದು ಓಪನ್‌ನ್ಯೂರೋ ಆಯಿತು. ಸ್ಕ್ಯಾನರ್ ಇಲ್ಲದ ನನ್ನಂಥವರು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಕೆಲಸ ಮಾಡುವುದು ಅದರಿಂದಲೇ.

ಪೋಲ್ಡ್ರಾಕ್ ಕೂಡ ಸೇರಿ ಬರೆದ 2020ರ ಪೇಪರ್ ಅಂತೂ ನನ್ನ ನಿದ್ದೆ ಕೆಡಿಸಿತ್ತು. ಜೂಜಿನ ಆಟ ಆಡಿದ 108 ಜನರ ಸ್ಕ್ಯಾನ್. ಅದನ್ನೇ 70 ತಂಡಗಳಿಗೆ ಕೊಟ್ಟು ಮಿದುಳಿನ ಇಂಥ ಜಾಗ ಚುರುಕಾಯಿತಾ ಅನ್ನುವಂಥ 9 ಪ್ರಶ್ನೆ ಕೇಳಿದರು, ಉತ್ತರ ಹೌದು ಅಥವಾ ಇಲ್ಲ. ಯಾವ ಎರಡು ತಂಡವೂ ಒಂದೇ ರೀತಿ ಲೆಕ್ಕ ಮಾಡಿರಲಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರವೂ ಎರಡು ಹೋಳು. ತಮಾಷೆ ಅಂದರೆ, ಇಷ್ಟು ದಾಟಿದರೆ ಮಾತ್ರ ಚುರುಕು ಅಂತ ಕೊನೆಯ ಗೆರೆ ಎಳೆಯುವ ಮುಂಚೆ ಹೆಚ್ಚಿನ ತಂಡಗಳ ಮಿದುಳಿನ ನಕ್ಷೆಗಳು ಬಹಳಷ್ಟು ಹೋಲುತ್ತಿದ್ದವು. ಮೂರು ಸಲ ಓದಿದೆ. ಆಮೇಲೆ ಹೋಗಿ ನನ್ನ ಹಳೇ ಕೋಡ್ ತೆಗೆದು ನೋಡಿದೆ. ಆ ಕಥೆ ಇನ್ನೊಂದು ಸಲ ಹೇಳುತ್ತೇನೆ.

ಹೋದ ವಾರ ರಾತ್ರಿ ಅದೇ ಮಂಗಳವಾರ-ಗುರುವಾರದ ಡೇಟಾ ಇಳಿಸುತ್ತಾ ಕೂತಿದ್ದೆ, ಪರದೆ ಮೇಲೆ ಮಿದುಳಿನ ಚಿತ್ರ ಇತ್ತು. ಅಮ್ಮ ನೀರು ಕುಡಿಯೋಕೆ ಎದ್ದು ಬಂದರು.

"ಯಾರ ತಲೆಯೋ ಅದು?"

"ಅಮೆರಿಕದ ಪ್ರೊಫೆಸರ್ ಒಬ್ಬರದ್ದಮ್ಮ."

"ಅವರಿಗೆ ಗೊತ್ತಾ, ನೀನು ನೋಡ್ತಿರೋದು?"